ಸಮುದ್ರ ಮೀನಿನಲ್ಲಿ ಭಾರ ಲೋಹ: ದಾವಣಗೆರೆಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ದಾವಣಗೆರೆಗೂ ಕಡಲಿಗೂ ನಡುವೆ ಘಟ್ಟವಿದೆ. ಆದರೂ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಧಕ್ಕೆಗಳಿಂದ ಐಸ್ ಪೆಟ್ಟಿಗೆಯಲ್ಲಿ ಹೊರಟ ಬಂಗುಡೆ, ಬೂತಾಯಿ, ಅಂಜಲ್ ಇಲ್ಲಿನ ಭಾನುವಾರದ ಅಡುಗೆಗೆ ಬಂದು ಸೇರುತ್ತವೆ. ಅವುಗಳ ಹಿಂದೆಯೇ ಮೊಬೈಲಿಗೆ ಹೆದರಿಕೆಯ ಸಂದೇಶಗಳೂ ಬರುತ್ತವೆ: ಮೀನಿನಲ್ಲಿ ಪಾದರಸವಿದೆ, ಕಿಡ್ನಿ ಹೋಗುತ್ತದೆ, ಬಸುರಿಯರು ಮುಟ್ಟಲೇಬಾರದು. ಊಟ-ಪಥ್ಯದ ಸಲಹೆ ಕೊಡುವುದು ನನ್ನ ಕೆಲಸ. ಇಂಥ ಸಂದೇಶ ಓದಿ ಸೊಸೆಗೆ ಮೀನು ನಿಲ್ಲಿಸಿದ ಅತ್ತೆಯರನ್ನೂ ಕಾಣುತ್ತೇನೆ, ದೊಡ್ಡ ಮೀನು ತಿಂದಷ್ಟೂ ಮೆದುಳಿಗೆ ಒಳ್ಳೆಯದೆಂದು ನಂಬಿದವರನ್ನೂ ಕಾಣುತ್ತೇನೆ. ಇಬ್ಬರಿಗೂ ನಾನು ಹೇಳುವುದು ಒಂದೇ: ಯಾವ ಮೀನು, ಎಷ್ಟು, ತಿನ್ನುವವರು ಯಾರು ಎಂದು ನೋಡಿ. ಮೀನನ್ನೇ ಬಿಡಬೇಡಿ.

ಮೀನಿನಲ್ಲಿ ಪಾದರಸ ಇರುವುದು ನಿಜವೇ?

ನಿಜ. ಯಾವ ಕಡಲಿನ ಮೀನೂ ಇದಕ್ಕೆ ಹೊರತಲ್ಲ, ಅಷ್ಟಿಷ್ಟು ಇದ್ದೇ ಇರುತ್ತದೆ. ಆದರೆ ಆ "ಅಷ್ಟಿಷ್ಟು" ಮೀನಿನಿಂದ ಮೀನಿಗೆ ಬಹಳ ಬದಲಾಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹಲವು ವರ್ಷ ಅಳೆದು ಇಟ್ಟಿರುವ ಸರಾಸರಿ ನೋಡಿ: ಬೂತಾಯಿ ಜಾತಿಯ ಸಾರ್ಡೀನ್‌ನಲ್ಲಿ ಕಿಲೋಗೆ 0.013 ಮಿಲಿಗ್ರಾಂ, ಶಾರ್ಕ್‌ನಲ್ಲಿ 0.979. ಎಪ್ಪತ್ತು ಪಟ್ಟಿಗೂ ಹೆಚ್ಚಿನ ಅಂತರ. ಇವೆರಡನ್ನೂ "ಮೀನು" ಎಂಬ ಒಂದೇ ಗುಂಪಿಗೆ ಹಾಕಿ ಮಾತಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಭಾರ ಲೋಹಗಳ ಮಾತು ಬಂದಾಗ ಪಾದರಸದ ಜೊತೆ ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್ ಹೆಸರೂ ಕೇಳಿಬರುತ್ತದೆ. ಮೀನಿನ ಮಾಂಸದ ಮಟ್ಟಿಗೆ ನಿಜವಾಗಿ ಲೆಕ್ಕ ಇಡಬೇಕಾದದ್ದು ಪಾದರಸ. ಉಳಿದವುಗಳ ಕಥೆ ಬೇರೆ, ಮುಂದೆ ಹೇಳುತ್ತೇನೆ.

ಅಷ್ಟು ದೊಡ್ಡ ಸಮುದ್ರಕ್ಕೆ ಪಾದರಸ ಎಲ್ಲಿಂದ ಬಂತು?

ಜ್ವಾಲಾಮುಖಿಗಳಿಂದ, ಬಂಡೆಗಳ ಸವೆತದಿಂದ ಸ್ವಲ್ಪ ಮೊದಲಿನಿಂದಲೂ ಬರುತ್ತಿತ್ತು. ಹೆಚ್ಚು ಮಾಡಿದವರು ಮನುಷ್ಯರು. ಚಿನ್ನದ ಕಣಗಳನ್ನು ಹಿಡಿದಿಡಲು ಪಾದರಸ ಬೆರೆಸಿ, ಆಮೇಲೆ ಸುಟ್ಟು ಹಾರಿಸುವ ಸಣ್ಣ ಗಣಿಗಾರಿಕೆ ಇಂದು ಜಗತ್ತಿನಲ್ಲಿ ಇದರ ಅತಿದೊಡ್ಡ ಮೂಲ. ಅದರ ನಂತರ ಕಲ್ಲಿದ್ದಲು ಸುಡುವುದು. ಕಲ್ಲಿದ್ದಲಿನಲ್ಲಿರುವ ಪಾದರಸ ಹೊಗೆಯೊಂದಿಗೆ ಆವಿಯಾಗಿ ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲಿ, ದೇಶಗಳ ಗಡಿ ದಾಟಿ, ಮಳೆಯೊಂದಿಗೆ ನೀರಿಗೆ ಬೀಳುತ್ತದೆ. ಹಾಗಾಗಿ "ನಮ್ಮ ಅರಬ್ಬಿ ಸಮುದ್ರ ಸ್ವಚ್ಛ, ಅವರ ಸಮುದ್ರ ಕೊಳಕು" ಎಂಬ ಮಾತಿಗೆ ಅರ್ಥವಿಲ್ಲ.

ನೀರಿನಲ್ಲಿ ಕರಗಿದ್ದು ಮೀನಿನ ಮಾಂಸದಲ್ಲಿ ಹೇಗೆ ಕೂಡಿಕೊಳ್ಳುತ್ತದೆ?

ಇದೊಂದು ಗೊತ್ತಾದರೆ ಮೀನಂಗಡಿಯ ಮುಂದೆ ನಿಂತಾಗ ಯಾವ ಪಟ್ಟಿಯೂ ಬೇಕಾಗುವುದಿಲ್ಲ. ನೀರಿಗೆ ಬಿದ್ದ ಪಾದರಸವನ್ನು ಕೆಸರಿನಲ್ಲಿ, ಆಮ್ಲಜನಕ ಕಡಿಮೆ ಇರುವ ನೀರಿನಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ, ಅಂದರೆ ಜೀವಿಗಳ ಮೈ ಸೇರುವ ರೂಪಕ್ಕೆ, ಬದಲಿಸುತ್ತವೆ. ಅದನ್ನು ಕಣ್ಣಿಗೆ ಕಾಣದ ಪಾಚಿ ಹೀರುತ್ತದೆ, ಪಾಚಿಯನ್ನು ಸೂಕ್ಷ್ಮ ಜೀವಿಗಳು ತಿನ್ನುತ್ತವೆ, ಅವನ್ನು ಬೂತಾಯಿ ತಿನ್ನುತ್ತದೆ, ಬೂತಾಯಿಯನ್ನು ಅಂಜಲ್ ತಿನ್ನುತ್ತದೆ, ಅಂಜಲನ್ನು ಶಾರ್ಕ್. ಮೀಥೈಲ್ ಪಾದರಸ ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಹೊರಗೆ ಹೋಗುವುದು ಬಹಳ ನಿಧಾನ. ತಿಂದವನ ಮೈಯಲ್ಲಿ ತಿನ್ನಿಸಿಕೊಂಡವರೆಲ್ಲರ ಪಾಲೂ ಕೂಡುತ್ತದೆ. ನೀರಿನಲ್ಲಿದ್ದದ್ದಕ್ಕೆ ಹೋಲಿಸಿದರೆ ಬೇಟೆ ಮೀನಿನ ಮೈಯಲ್ಲಿ ಹತ್ತು ಲಕ್ಷ ಪಟ್ಟು ಹೆಚ್ಚಾಗುವುದೂ ಉಂಟು.

ಅಂದರೆ ಮೂರು ಸಂಗತಿ ಗಮನಿಸಿ. ಮೀನು ಬೇರೆ ಮೀನು ತಿಂದು ಬದುಕುತ್ತದೆಯೇ? ಎಷ್ಟು ದೊಡ್ಡದಿದೆ? ಎಷ್ಟು ವರ್ಷ ಬದುಕಿದೆ? ಮೂರೂ ಹೆಚ್ಚಿದ್ದರೆ ಪಾದರಸವೂ ಹೆಚ್ಚು.

ಹಾಗಾದರೆ ಯಾವುದನ್ನು ಕೊಳ್ಳುವುದು, ಯಾವುದನ್ನು ಬಿಡುವುದು?

ಧೈರ್ಯವಾಗಿ ಕೊಳ್ಳಿ: ಬೂತಾಯಿ, ಬಂಗುಡೆ, ಕೊಳ್ಳತರು, ನಂಗು, ಕಾಣೆ, ಸಿಗಡಿ. ಇವು ಸಣ್ಣವು, ಹೆಚ್ಚು ದಿನ ಬದುಕುವವಲ್ಲ, ಆಹಾರದ ಸರಪಳಿಯಲ್ಲಿ ಕೆಳಗಿರುವವು. ಪಾಂಫ್ರೆಟ್ ಕೂಡ ತೊಂದರೆಯಿಲ್ಲದ ಮೀನು, ಬೆಲೆಯೊಂದೇ ಕಷ್ಟ. ಕೊಬ್ಬು ತುಂಬಿದ ಬೂತಾಯಿಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಮೆದುಳಿಗೆ ಬೇಕಾದ ಒಮೆಗಾ-3 ಅದರಲ್ಲಿ ಧಾರಾಳ, ಮುಳ್ಳು ಮೆತ್ತಗಾಗುವಂತೆ ಬೇಯಿಸಿದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಅಗ್ಗದ ಮೀನು ಎಂದು ಅದನ್ನು ಕೀಳಾಗಿ ಕಾಣುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಅಂಜಲ್ ಮತ್ತು ಕೇದರ, ಅಂದರೆ ಟ್ಯೂನಾ, ಅಪರೂಪಕ್ಕೆ ಇರಲಿ. ಅಮೆರಿಕದವರು ಬಸುರಿಯರಿಗೆ ಬೇಡವೆನ್ನುವ ಮೀನುಗಳಲ್ಲಿ ಕಿಂಗ್ ಮ್ಯಾಕೆರೆಲ್ ಒಂದು. ಅಲ್ಲಿನ ಸರಾಸರಿ ಕಿಲೋಗೆ 0.73 ಮಿಲಿಗ್ರಾಂ. ಅದು ನಮ್ಮ ಅಂಜಲ್‌ನ ಕುಲದ್ದೇ ಮೀನು, ಬಂಗುಡೆಗೆ ದೂರದ ನೆಂಟ ಮಾತ್ರ. ಆ ಪಟ್ಟಿ ನೋಡಿ ಬಂಗುಡೆ ಬಿಟ್ಟವರಿದ್ದಾರೆ, ದಯವಿಟ್ಟು ಮತ್ತೆ ಶುರುಮಾಡಿ. ನಮ್ಮ ಅಂಜಲ್‌ನಲ್ಲೂ ಅಷ್ಟೇ ಪಾದರಸ ಇದೆ ಎಂದು ಇದರರ್ಥವಲ್ಲ, ಕಡಲು ಮತ್ತು ಮೀನಿನ ಗಾತ್ರ ನೋಡಿ ಬದಲಾಗುತ್ತದೆ. ಹತ್ತು ಕಿಲೋ ತೂಗುವ ಅಂಜಲ್‌ನ ತುಂಡಿಗಿಂತ ಎರಡು ಕಿಲೋದ ಮರಿ ಅಂಜಲ್‌ನ ತುಂಡು ವಾಸಿ.

ಶಾರ್ಕ್, ಮಾರ್ಲಿನ್, ಕತ್ತಿಮೀನು ಮನೆಗೆ ತರದಿರುವುದೇ ಒಳ್ಳೆಯದು. ಬಾಣಂತಿಗೆ ಹಾಲು ಹೆಚ್ಚಾಗಲೆಂದು ಮರಿ ಶಾರ್ಕ್ ಕೊಡುವ ರೂಢಿ ಕರಾವಳಿಯಲ್ಲಿದೆ. ಅದೇ ಕೆಲಸಕ್ಕೆ ಬೂತಾಯಿ ಸಾಕು.

ಲೆಕ್ಕದಲ್ಲಿ ಹೇಳಿ, ವಾರಕ್ಕೆ ಎಷ್ಟು ತಿನ್ನಬಹುದು?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞ ಸಮಿತಿ 2003ರಲ್ಲಿ ಇಟ್ಟ ಮಿತಿ ಹೀಗಿದೆ: ಮೈತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೊಗ್ರಾಂ ಮೀಥೈಲ್ ಪಾದರಸ. 50 ಕಿಲೋ ತೂಕದ ಹೆಂಗಸಿಗೆ ವಾರಕ್ಕೆ 80 ಮೈಕ್ರೊಗ್ರಾಂ ಆಯಿತು. ಮೀನಿನಲ್ಲಿ ಕಿಲೋಗೆ 0.05 ಮಿಲಿಗ್ರಾಂ ಇದ್ದರೆ ಆಕೆ ವಾರಕ್ಕೆ 1,600 ಗ್ರಾಂ ತಿಂದರೂ ಮಿತಿ ಮೀರುವುದಿಲ್ಲ. ದಾವಣಗೆರೆಯಲ್ಲಿ ಯಾರೂ ಅಷ್ಟು ತಿನ್ನುವುದಿಲ್ಲ. ಅದೇ 0.5 ಇದ್ದರೆ 160 ಗ್ರಾಂ, ಅಂದರೆ ಎರಡು ತುಂಡು. 1 ಮಿಲಿಗ್ರಾಂ ಇರುವ ಮೀನಾದರೆ 80 ಗ್ರಾಂ, ಒಂದೇ ತುಂಡಿಗೆ ವಾರದ ಪಾಲು ಮುಗಿಯಿತು.

15 ಕಿಲೋ ತೂಕದ ಮಗುವಿಗೆ ಇದೇ ಲೆಕ್ಕ ಹಾಕಿ. ವಾರಕ್ಕೆ 24 ಮೈಕ್ರೊಗ್ರಾಂ. ಪಾದರಸ ಕಡಿಮೆ ಇರುವ ಮೀನಾದರೆ 480 ಗ್ರಾಂವರೆಗೆ ಚಿಂತೆಯಿಲ್ಲ, 0.5 ಇರುವ ಮೀನಾದರೆ 48 ಗ್ರಾಂ ಮಾತ್ರ. ದೊಡ್ಡವರ ತಟ್ಟೆಯಲ್ಲಿರುವ ತುಂಡನ್ನೇ ಮಗುವಿಗೂ ಹಾಕುವ ಮನೆಗಳು ಇದನ್ನು ನೆನಪಿಡಬೇಕು. ಯುರೋಪಿನವರ ಮಿತಿ ಇನ್ನೂ ಬಿಗಿ, ಮೈತೂಕದ ಪ್ರತಿ ಕಿಲೋಗೆ ವಾರಕ್ಕೆ 1.3 ಮೈಕ್ರೊಗ್ರಾಂ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಸಾಮಾನ್ಯ ಮೀನಿಗೆ ಪಾದರಸದ ಗರಿಷ್ಠ ಮಿತಿ ಕಿಲೋಗೆ 0.5 ಮಿಲಿಗ್ರಾಂ, ಬೇಟೆ ಮೀನುಗಳಿಗೆ 1 ಮಿಲಿಗ್ರಾಂ. ಅದು ಮಾರಾಟದ ಮಿತಿ. ನಿಯಮದೊಳಗಿದ್ದ ಮೀನನ್ನೇ ದಿನಾ ತಿಂದರೆ ನಿಮ್ಮ ಮೈಯ ಮಿತಿ ಮೀರಬಹುದು ಎಂದು ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ.

ಸೊಸೆ ಬಸುರಿ. ಮೀನು ಪೂರ್ತಿ ನಿಲ್ಲಿಸಿಬಿಡೋಣವೇ?

ಬೇಡ. ಅತ್ತೆಯವರೇ, ತಾಯಂದಿರೇ, ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಹೊಟ್ಟೆಯಲ್ಲಿರುವ ಮಗುವಿನ ಮೆದುಳು, ಕಣ್ಣು ಬೆಳೆಯಲು ಬೇಕಾದ ಡಿಎಚ್‌ಎ ಎಂಬ ಕೊಬ್ಬು ನಮ್ಮ ರೊಟ್ಟಿ, ಮುದ್ದೆ, ಅನ್ನ, ಬೇಳೆಯಲ್ಲಿ ಇಲ್ಲ. ಮೀನಿನಲ್ಲಿದೆ. ಜೊತೆಗೆ ಪ್ರೋಟೀನ್, ಅಯೋಡಿನ್, ಸೆಲೆನಿಯಂ, ವಿಟಮಿನ್ ಡಿ. ರಕ್ತಹೀನತೆಯಿಂದ ಬಳಲುವ ಬಸುರಿಯರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅವರ ತಟ್ಟೆಯಿಂದ ಮೀನು ತೆಗೆದರೆ ಆ ಜಾಗಕ್ಕೆ ಬರುವುದು ಇನ್ನೊಂದು ಹಿಡಿ ಅನ್ನ. ಎಫ್‌ಎಒ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕರೆದ ತಜ್ಞರ ಸಭೆಯೂ ಇದನ್ನೇ ಹೇಳಿತು: ಬಸುರಿ ಮೀನು ತಿನ್ನದಿದ್ದರೆ ಮಗುವಿನ ಮೆದುಳಿನ ಬೆಳವಣಿಗೆಗೆ ಆಗುವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆಂದು ಪಾದರಸವನ್ನು ಹಗುರವಾಗಿ ಕಾಣುವಂತಿಲ್ಲ. ಮೀಥೈಲ್ ಪಾದರಸ ಗರ್ಭದ ಮಾಸು (ಕಸ) ದಾಟಿ ಮಗುವನ್ನು ತಲುಪುತ್ತದೆ, ಹೊಕ್ಕುಳ ಬಳ್ಳಿಯ ರಕ್ತದಲ್ಲಿ ತಾಯಿಯ ರಕ್ತಕ್ಕಿಂತ ಹೆಚ್ಚೇ ಇರುತ್ತದೆ. ಬೆಳೆಯುತ್ತಿರುವ ಮೆದುಳು ಅದಕ್ಕೆ ಬಹಳ ಸೂಕ್ಷ್ಮ. ಆದ್ದರಿಂದ ಸಣ್ಣ ಮೀನು, ವಾರಕ್ಕೆ ಎರಡು ಮೂರು ಸಲ, ಒಟ್ಟು 225ರಿಂದ 340 ಗ್ರಾಂ. ಅಂಜಲ್, ಟ್ಯೂನಾ ಹೆರಿಗೆಯಾಗಿ ಮಗು ಎದೆಹಾಲು ಬಿಡುವವರೆಗೆ ಪಕ್ಕಕ್ಕಿಡಿ. ಈ ಲೋಹದ ಅರ್ಧ ಭಾಗ ಮೈಯಿಂದ ಹೊರಹೋಗಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಮಗುವಿಗೆ ತಯಾರಿ ನಡೆಸುತ್ತಿರುವವರು ಕೆಲವು ತಿಂಗಳು ಮೊದಲೇ ದೊಡ್ಡ ಮೀನು ಬಿಟ್ಟರೆ ಒಳ್ಳೆಯದು.

ಮಿನಮಾಟದಲ್ಲಿ ಏನಾಯಿತು? ನಮಗೂ ಹಾಗೆ ಆಗಬಹುದೇ?

ಜಪಾನಿನ ಮಿನಮಾಟ ಎಂಬ ಮೀನುಗಾರರ ಊರಿನ ಕೊಲ್ಲಿಗೆ ಅಲ್ಲಿನ ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸದ ಕೊಳಚೆ ಬಿಟ್ಟಿತು. ಮೊದಲು ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. 1956ರಲ್ಲಿ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಕೈಕಾಲು ಜೋಮು, ನಡಿಗೆ ತಪ್ಪುವುದು, ಮಾತು ತೊದಲುವುದು, ಪಕ್ಕದ ನೋಟ ಮಾಯವಾಗಿ ಕೊಳವೆಯೊಳಗಿಂದ ನೋಡಿದಂತಾಗುವುದು. ತಾಯಂದಿರಿಗೆ ಹೆಚ್ಚೇನೂ ಆಗದೆ ಹುಟ್ಟಿದ ಮಕ್ಕಳು ತೀವ್ರ ಅಂಗವಿಕಲರಾದರು. ಸರ್ಕಾರ ರೋಗಿಗಳೆಂದು ಒಪ್ಪಿಕೊಂಡವರೇ ಎರಡು ಸಾವಿರಕ್ಕೂ ಹೆಚ್ಚು ಜನ, ಒಪ್ಪಿಕೊಳ್ಳದವರು ದಶಕಗಳ ಕಾಲ ಕೋರ್ಟು ಅಲೆದರು.

ನಮಗೆ ಬರುವ ಮೀನಿನಿಂದ ಅಂಥದ್ದಾಗುವುದಿಲ್ಲ. ಅಲ್ಲಿನ ಜನ ಮುಚ್ಚಿದ ಕೊಲ್ಲಿಯ ವಿಷದ ಮೀನನ್ನೇ ಮೂರು ಹೊತ್ತೂ ತಿಂದಿದ್ದರು. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅನುಮೋದಿಸಿತು. ಆಸ್ಪತ್ರೆಗಳಿಂದ ಪಾದರಸದ ಥರ್ಮಾಮೀಟರ್, ಬಿಪಿ ಯಂತ್ರ ಮಾಯವಾಗುತ್ತಿರುವುದರ ಹಿಂದೆ ಈ ಒಪ್ಪಂದವೂ ಇದೆ.

ಉಪ್ಪು-ಅರಿಶಿನ ಹಾಕಿ ತೊಳೆದರೆ, ಹುಣಸೆಹುಳಿಯಲ್ಲಿ ಕುದಿಸಿದರೆ ಹೋಗುವುದಿಲ್ಲವೇ?

ಹೋಗುವುದಿಲ್ಲ. ಪಾದರಸ ಮಾಂಸದ ಪ್ರೋಟೀನಿಗೇ ಅಂಟಿರುವುದರಿಂದ ತೊಳೆದರೂ, ಹುರಿದರೂ, ಫ್ರಿಜ್‌ನಲ್ಲಿಟ್ಟರೂ ಅಲ್ಲೇ ಇರುತ್ತದೆ. ಕರುಳು, ಪಿತ್ತಕೋಶ, ಕಿವಿರು ತೆಗೆಯುವುದರಿಂದ ಬೇರೆ ಲಾಭವಿದೆ: ಕ್ಯಾಡ್ಮಿಯಂ, ಸೀಸ ಹೆಚ್ಚಾಗಿ ಸೇರುವುದು ಅಲ್ಲೇ.

ಹುಳಿಯ ವಿಷಯದಲ್ಲಿ ಇನ್ನೊಂದು ಎಚ್ಚರ. ಹಳೆಯ ಹಿತ್ತಾಳೆ ಪಾತ್ರೆಗೆ ಹಾಕಿಸಿದ ಕಲಾಯಿಯ ತವರದಲ್ಲಿ ಸೀಸ ಬೆರೆತಿದ್ದರೆ ಮೀನಿನ ಹುಳಿ ಸಾರು ಅದನ್ನು ಕರಗಿಸಿಕೊಳ್ಳುತ್ತದೆ. ಮೀನಿನಲ್ಲಿ ಇಲ್ಲದ ಸೀಸ ಸಾರಿಗೆ ಬರುವುದು ಹೀಗೆ. ಸ್ಟೀಲ್ ಪಾತ್ರೆ ಅಥವಾ ಹೊಳಪು ಬಳಿಯದ ಮಣ್ಣಿನ ಗಡಿಗೆ ಬಳಸಿ.

ಏಡಿ, ಬೊಂಡಾಸ್ (ಸ್ಕ್ವಿಡ್), ಚಿಪ್ಪಿನ ಮೀನು?

ಇವುಗಳಲ್ಲಿ ಪಾದರಸ ಕಡಿಮೆ, ನೋಡಬೇಕಾದ್ದು ಕ್ಯಾಡ್ಮಿಯಂ. ಬೊಂಡಾಸ್‌ನ ಒಳ ಅಂಗಗಳಲ್ಲಿ, ಏಡಿಯ ಚಿಪ್ಪಿನೊಳಗಿನ ಕಂದು ಭಾಗದಲ್ಲಿ ಅದು ಕೂಡಿಕೊಳ್ಳುತ್ತದೆ. ಭಾರತದಿಂದ ಹೋದ ಬೊಂಡಾಸ್, ಕಪ್ಪೆ ಬೊಂಡಾಸ್‌ನಲ್ಲಿ ಕ್ಯಾಡ್ಮಿಯಂ ಹೆಚ್ಚೆಂದು ಯುರೋಪ್ ತಕರಾರು ತೆಗೆದದ್ದಿದೆ. ಬೊಂಡಾಸನ್ನು ಒಳಗೆಲ್ಲ ಚೊಕ್ಕ ಮಾಡಿಸಿ, ಏಡಿಯ ಕಂದು ಭಾಗ ಮಕ್ಕಳಿಗೆ ಕೊಡಬೇಡಿ. ಮರುವಾಯಿ, ಪಚ್ಚಿಲೆಯಂಥ ಚಿಪ್ಪಿನ ಜೀವಿಗಳು ನೀರನ್ನು ಸೋಸಿ ಬದುಕುವುದರಿಂದ ಅವು ಬೆಳೆದ ಅಳಿವೆಯ ನೀರು ಹೇಗಿದೆಯೋ ಅವೂ ಹಾಗೇ.

ಕ್ಯಾಡ್ಮಿಯಂ ಒಮ್ಮೆ ಕಿಡ್ನಿ ಸೇರಿದರೆ ಹತ್ತರಿಂದ ಮೂವತ್ತು ವರ್ಷ ಬಿಡುವುದಿಲ್ಲ. ಮೈಯಲ್ಲಿ ಕಬ್ಬಿಣ ಕಡಿಮೆಯಿದ್ದರೆ ಕರುಳು ಅದನ್ನು ಹೆಚ್ಚು ಹೀರುತ್ತದೆ. ರಕ್ತಹೀನತೆ ಸರಿಪಡಿಸಿಕೊಳ್ಳಿ ಎಂದು ನಾನು ಹಟ ಹಿಡಿಯಲು ಇದೂ ಒಂದು ಕಾರಣ. ಬೀಡಿ, ಸಿಗರೇಟು ಸೇದುವವರಿಗೆ ಮೀನಿಗಿಂತ ದೊಡ್ಡ ಕ್ಯಾಡ್ಮಿಯಂ ಮೂಲ ಅವರ ಬೆರಳ ಸಂದಿಯಲ್ಲೇ ಇದೆ.

ಲ್ಯಾಬ್ ವರದಿಯಲ್ಲಿ ಆರ್ಸೆನಿಕ್ ಬಹಳ ಇದೆ ಎಂದು ಬಂದಿತ್ತು. ಗಾಬರಿಯಾಗಬೇಕೇ?

ಸಮುದ್ರ ಮೀನಿನ ಆರ್ಸೆನಿಕ್‌ನಲ್ಲಿ ಹೆಚ್ಚಿನ ಪಾಲು ಆರ್ಸೆನೊಬೀಟೈನ್ ರೂಪದಲ್ಲಿರುತ್ತದೆ. ಅದು ಮೈಗೆ ಹತ್ತದೆ ಮೂತ್ರದಲ್ಲಿ ಹೋಗುತ್ತದೆ. ವಿಷ ಇರುವುದು ಅಜೈವಿಕ ಆರ್ಸೆನಿಕ್‌ನಲ್ಲಿ. ವರದಿಯಲ್ಲಿ ಎರಡನ್ನೂ ಬೇರ್ಪಡಿಸಿದ್ದಾರೆಯೇ ಎಂದು ನೋಡಿ.

ಸಂತೆಯಲ್ಲಿ ಸಿಗುವ ಒಣಮೀನು?

ಒಣಗಿದಾಗ ನೀರು ಹೋಗಿ ಲೋಹ ಉಳಿಯುತ್ತದೆ, ಗ್ರಾಂ ಲೆಕ್ಕದಲ್ಲಿ ಹೆಚ್ಚು ಕಾಣುತ್ತದೆ. ತಿನ್ನುವುದು ಮಾತ್ರ ಸ್ವಲ್ಪವೇ, ಅದೂ ಸಾಮಾನ್ಯವಾಗಿ ಸಣ್ಣ ಮೀನು. ಒಣಮೀನಿನಲ್ಲಿ ನನಗೆ ಲೋಹಕ್ಕಿಂತ ಉಪ್ಪಿನದೇ ಚಿಂತೆ, ಬಿಪಿ ಇರುವವರು ಕಡಿಮೆ ಮಾಡಿ.

ಫಾರ್ಮಾಲಿನ್ ಹಾಕುತ್ತಾರಂತೆ, ಅದೂ ಇದೂ ಒಂದೇನಾ?

ಅಲ್ಲ. ಫಾರ್ಮಾಲಿನ್ ಎಂಬುದು ಮೀನು ಹಿಡಿದ ಮೇಲೆ, ಅದು ಕೆಡದಿರಲೆಂದು ಮನುಷ್ಯರು ಹಾಕುವ ರಾಸಾಯನಿಕ, ಅದು ಕಲಬೆರಕೆ. 2018ರಲ್ಲಿ ಕೇರಳದ ಅಧಿಕಾರಿಗಳು ಅಂಥ ಮೀನನ್ನು ರಾಶಿ ರಾಶಿ ಹಿಡಿದಿದ್ದರು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಅದನ್ನು ಪತ್ತೆಹಚ್ಚುವ ಕಾಗದದ ಪಟ್ಟಿ ತಯಾರಿಸಿದೆ. ಆ ಪಟ್ಟಿ ಪಾದರಸವನ್ನು ತೋರಿಸುವುದಿಲ್ಲ. ಕಿವಿರು ಕೆಂಪಗಿದೆ, ಕಣ್ಣು ಹೊಳೆಯುತ್ತಿದೆ ಎಂದರೆ ಮೀನು ತಾಜಾ ಎಂದಷ್ಟೇ ಅರ್ಥ. ಲೋಹ ಕಣ್ಣಿಗೂ ಮೂಗಿಗೂ ನಾಲಗೆಗೂ ಸಿಗುವುದಿಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕಳೆದುಕೊಂಡವರ ನಡುವೆ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಪರೀಕ್ಷೆ ಮಾಡಿಸುವುದು ಹೇಗೆ?

ಲೋಹದ ಅಂಶ ಅಳೆಯುವ ಅಟಾಮಿಕ್ ಅಬ್ಸಾರ್ಪ್ಷನ್ ಅಥವಾ ಐಸಿಪಿ-ಎಂಎಸ್ ಯಂತ್ರವಿರುವ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರು ಶುಲ್ಕ ಕಟ್ಟಿ ಆಹಾರ ಪರೀಕ್ಷೆ ಮಾಡಿಸಬಹುದು, ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ಮಾದರಿ ನಿಯಮ ಮೀರಿದ್ದರೆ ಶುಲ್ಕ ವಾಪಸು. ಒಂದು ಮನೆಗೆ ಇದು ಭಾರ. ನಮ್ಮ ಮಾರುಕಟ್ಟೆಗೆ ಬರುವ ಮೀನನ್ನು ನಿಯಮಿತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಅಂಗಡಿ ಮುಂದೆ ಹಾಕಬೇಕು. ರಫ್ತಾಗುವ ಮೀನಿಗೆ ಇರುವ ಕಾಳಜಿ ನಮ್ಮ ಊಟದ ಮೀನಿಗೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಕಡಲ ಮೀನೇ ಬೇಡ, ಸೂಳೆಕೆರೆಯ ಮೀನು, ತುಂಗಭದ್ರೆಯ ಮೀನು ತಿಂದರೆ?

ಕಾಟ್ಲಾ, ರೋಹು ಪಾಚಿ, ಸಸ್ಯ, ಸೂಕ್ಷ್ಮ ಜೀವಿ ತಿಂದು ಬೇಗ ಬೆಳೆಯುವ ಮೀನು, ಪಾದರಸ ಕಡಿಮೆ. ಬೇರೆ ಮೀನು ತಿಂದು ಬದುಕುವ ಕೆರೆ ಮೀನಿನಲ್ಲಿ ಹೆಚ್ಚಿರುತ್ತದೆ, ನಿಯಮ ಅದೇ. ಚರಂಡಿ, ಕಾರ್ಖಾನೆಯ ನೀರು ಸೇರುವ ಜಾಗದ ಮೀನು ಬೇಡ. ಗಣೇಶನ ಮೂರ್ತಿಗೆ ಬಳಿದ ಸೀಸದ ಬಣ್ಣವೂ ಕೆರೆಯ ಕೆಸರಿಗೇ ಸೇರುವುದು. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ವಿಷದ ಬಣ್ಣ ಕೂಡದೆಂದು ಮಾರ್ಗಸೂಚಿ ಕೊಟ್ಟಿದೆ, ಪಾಲಿಸುವುದು ನಮ್ಮ ಕೈಲಿದೆ. ಕೆರೆ ಮೀನಿನಲ್ಲಿ ಒಮೆಗಾ-3 ಕಡಲ ಮೀನಿನಷ್ಟಿಲ್ಲ, ಎರಡನ್ನೂ ಬದಲಿಸಿ ಬದಲಿಸಿ ತಿನ್ನಿ.

ಮಗುವಿನ ರಕ್ತದಲ್ಲಿ ಸೀಸ ಬಂತು. ಮೀನಿನಿಂದಲೇ ಇರಬೇಕಲ್ಲವೇ?

ಬಹುಶಃ ಅಲ್ಲ. ಮೀನಿನ ಮಾಂಸದಲ್ಲಿ ಸೀಸ ಕಡಿಮೆ. ಉದುರುತ್ತಿರುವ ಹಳೆಯ ಪೇಂಟು, ಹಳೆ ಬ್ಯಾಟರಿ ಒಡೆದು ಕರಗಿಸುವ ಜಾಗ, ಹೊಳೆಯುವ ಹಳದಿಗಾಗಿ ಲೆಡ್ ಕ್ರೋಮೇಟ್ ಬೆರೆಸಿದ ಅರಿಶಿನ ಪುಡಿ, ಅಂಗಡಿಯ ಸುರ್ಮಾ, ಗೊತ್ತುಗುರಿಯಿಲ್ಲದ ಭಸ್ಮದ ಔಷಧಿ, ಇವನ್ನು ಮೊದಲು ಹುಡುಕಿ. ಮಕ್ಕಳಿಗೆ ಇಷ್ಟು ಸೀಸ ಇದ್ದರೂ ಪರವಾಗಿಲ್ಲ ಎನ್ನುವ ಮಟ್ಟ ಯಾವುದೂ ಇಲ್ಲ. ಮೀನನ್ನು ದೂರಿ ಸುಮ್ಮನಾದರೆ ನಿಜವಾದ ಮೂಲ ಮನೆಯಲ್ಲೇ ಉಳಿಯುತ್ತದೆ.

ಡಿಟಾಕ್ಸ್ ಪುಡಿ, ಜ್ಯೂಸ್ ಕುಡಿದರೆ ಪಾದರಸ ಹೊರಗೆ ಬರುತ್ತದೆಯೇ?

ಇಲ್ಲ, ದುಡ್ಡು ಹಾಳುಮಾಡಬೇಡಿ. ದೊಡ್ಡ ಮೀನು ನಿಲ್ಲಿಸಿದರೆ ಮೈ ತಾನೇ ತಿಂಗಳುಗಳಲ್ಲಿ ಕಡಿಮೆ ಮಾಡಿಕೊಳ್ಳುತ್ತದೆ. ಅನುಮಾನವಿದ್ದರೆ ವೈದ್ಯರ ಸಲಹೆಯಂತೆ ರಕ್ತ ಅಥವಾ ಕೂದಲಿನ ಪರೀಕ್ಷೆ ಮಾಡಿಸಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಹಿಂದಿನ ತಿಂಗಳುಗಳ ಲೆಕ್ಕವೂ ಅದರಲ್ಲಿ ಸಿಗುತ್ತದೆ. ಲೋಹ ಹೊರಹಾಕುವ ಔಷಧಿಗಳು ಆಸ್ಪತ್ರೆಯಲ್ಲಿ, ನಿಗಾದಲ್ಲಿ ಮಾತ್ರ.

ಮೀನೆಣ್ಣೆ ಮಾತ್ರೆ ಮೀನಿಗಿಂತ ಸುರಕ್ಷಿತವೇ?

ಪಾದರಸ ಪ್ರೋಟೀನಿಗೆ ಅಂಟುವುದು, ಎಣ್ಣೆಗಲ್ಲ, ಹಾಗಾಗಿ ಶುದ್ಧಗೊಳಿಸಿದ ಎಣ್ಣೆಯಲ್ಲಿ ಬಹಳ ಕಡಿಮೆ. ಮೀನು ತಿನ್ನಲಾಗದವರಿಗೆ ವೈದ್ಯರು ಬರೆದರೆ ಸರಿ. ಪ್ರೋಟೀನ್, ಅಯೋಡಿನ್ ಮಾತ್ರೆಯಲ್ಲಿ ಬರುವುದಿಲ್ಲ.

ಜೂನ್, ಜುಲೈನಲ್ಲಿ ತಾಜಾ ಬೂತಾಯಿ ಸಿಗುವುದಿಲ್ಲ. ಆಗ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ನಾಡದೋಣಿಯವರು ಹಿಡಿದದ್ದು ಘಟ್ಟ ಹತ್ತುವ ಮೊದಲೇ ಖರ್ಚಾಗುತ್ತದೆ, ಬಂದರೂ ದುಬಾರಿ. ಹೊರರಾಜ್ಯದ ಬಂಗುಡೆ, ಶೀತಲಗೃಹದ ಮೀನು ಸಿಕ್ಕರೆ ಕೊಳ್ಳಬಹುದು, ಫ್ರೀಜ್ ಮಾಡಿದ್ದರಿಂದ ಲೋಹ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಸಣ್ಣ ಮೀನಿಲ್ಲವೆಂದು ಅಂಗಡಿಯವರು ದೊಡ್ಡ ಟ್ಯೂನಾ ಕೊಯ್ದುಕೊಡಲು ಹೊರಟರೆ, ಮನೆಯಲ್ಲಿ ಬಸುರಿಯೋ ಪುಟ್ಟ ಮಗುವೋ ಇದ್ದರೆ, ಆ ಎರಡು ತಿಂಗಳು ಕಾಟ್ಲಾ ಅಥವಾ ರೋಹು ಕೇಳಿ.